ಸೋಸಲೆಯ ಮೆಸ್ಸಿನಲ್ಲಿ ಒಂದು ಚೊಂಬು ನೀರು

ಬೆಳಗ್ಗೆ ಏಳಕ್ಕೆ ನಂಜನಗೂಡಿನಲ್ಲಿ ಬಸ್ ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟರು. ಗದ್ದೆಗಳ ಮೇಲೆ ಇನ್ನೂ ಮಂಜಿತ್ತು. ತಿ.ನರಸೀಪುರದಲ್ಲಿ ಇಡ್ಲಿ ತಿಂದು, ಬಸ್ ಬದಲಿಸಿ, ಒಂಬತ್ತೂವರೆಗೆ ಸೋಸಲೆಯಲ್ಲಿ ಇಳಿದೆ.

ನನಗೆ ಪರಿಸರದ ಹುಚ್ಚು. ಯಾರೂ ಕಲಿಸಿದ್ದಲ್ಲ, ಫೋನ್ ನೋಡಿ ಕಲಿತದ್ದು. ಪ್ಲಾಸ್ಟಿಕ್ ಬಿಟ್ಟ ಹೋಟೆಲು, ಕಚೇರಿಗಳು ತಾವಾಗಿಯೇ ಅರ್ಜಿ ಹಾಕಿ ಪಡೆಯುವ ಹಸಿರು ಪ್ರಮಾಣಪತ್ರವೊಂದಿದೆ, ಕಡ್ಡಾಯವೇನಲ್ಲ. ಸೋಸಲೆಯಲ್ಲಿ ಮೆಸ್ ನಡೆಸುವ ಪುಟ್ಟತಾಯಮ್ಮನವರ ಅರ್ಜಿ ತುಂಬಿದವಳು ನಾನೇ. ಪತ್ರ ಸಿಕ್ಕರೆ ಪಂಚಾಯ್ತಿಯ ತರಬೇತಿಗಳಿಗೆಲ್ಲ ಊಟದ ಆರ್ಡರ್ ಅವರಿಗೇ. ಅವತ್ತು ಹನ್ನೊಂದಕ್ಕೆ ಪರಿಶೀಲನೆ.

ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ಬಾಳೆಎಲೆಯ ಕಟ್ಟಿಲ್ಲ, ಸ್ಟೀಲ್ ಲೋಟಗಳಿಲ್ಲ. ಮೇಜಿನ ಮೇಲೆ ಹೊಳೆಯುವ ಪ್ಲಾಸ್ಟಿಕ್ ತಟ್ಟೆ, ಬಾಟಲಿ ನೀರು.

"ಇದೇನಮ್ಮ?" ಎಂದು ಪುಟ್ಟತಾಯಮ್ಮನವರನ್ನು ಕೇಳಿದೆ.

"ಆಪೀಸರಮ್ಮ ಬತ್ತಾರಲ್ಲವ್ವ, ನೆನ್ನೆ ನರಸೀಪುರದಿಂದ ತಂದೆ."

"ಇದನ್ನ ಬಳಸಲ್ಲ ಅಂತ ತಾನೇ ಅರ್ಜೀಲಿ ಬರೆದಿರೋದು!"

"ಅದು ದಿನಾ ಉಣ್ಣೋರ್ಗೆ ಕಣವ್ವ. ಬಂದೋರ್ಗೆ ಮರ್ಯಾದೆ ಬ್ಯಾಡ್ವಾ?"

ನಾನು ಪೆಚ್ಚಾಗಿ, ಗೋಡೆಗೆ ಹಾಕಲು ತಂದಿದ್ದ ನಿಯಮಗಳ ಹಾಳೆ ತೆಗೆದೆ. ಅಮ್ಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಇದ್ರ ಮ್ಯಾಲೆ ಮೆತ್ತಿರೋದೇನವ್ವ, ಬಾಳೆಎಲೆನಾ?"

ಆಸೆಪಟ್ಟು ಲ್ಯಾಮಿನೇಷನ್ ಮಾಡಿಸಿದ್ದೆ! ಇಬ್ಬರಿಗೂ ನಗು ತಡೆಯಲಾಗಲಿಲ್ಲ. ತಟ್ಟೆ, ಹಾಳೆ ಎಲ್ಲ ಮೂಟೆಗೆ ತುಂಬಿದೆವು. ಒಂದೇ ಒಂದು ಬಾಟಲಿಯನ್ನು ಮಾತ್ರ ಅಮ್ಮ ಬಿಡಲಿಲ್ಲ. "ನೀರಾದ್ರೂ ಬಾಟ್ಲೀದಿರ್ಲಿ" ಅಂದರು.

ಪರಿಶೀಲನೆಯ ಮೇಡಂ ಬಿಸಿಲಲ್ಲಿ ಬೆವೆತು ಬಂದು ಕುಳಿತರು. ಅಮ್ಮನ ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಚೊಂಬು. ಅಮ್ಮ ಒಮ್ಮೆ ನನ್ನ ಮುಖ ನೋಡಿದರು. ಬಾಟಲಿ ಕೆಳಗಿಟ್ಟು, ಚೊಂಬನ್ನು ಎರಡೂ ಕೈಯಲ್ಲಿ ಕೊಟ್ಟರು.

ಮೇಡಂ ಎತ್ತಿ ಕುಡಿದರು. "ಇನ್ನೊಂಚೂರು ಕೊಡಿ. ಆ ಮೂಟೇಲೇನಿದೆ?"

ನಾನು ಮೂಟೆಗೆ ಅಡ್ಡ ನಿಂತೆ. ಅಮ್ಮ ಮುಚ್ಚಿಡಲಿಲ್ಲ. "ನಿಮ್ಗೆ ಅಂತ್ಲೇ ತಂದಿದ್ದೆ ಕಣವ್ವ. ತೆಪ್ಪಾಯ್ತು."

ಮೇಡಂ ಹಿತ್ತಲಿನ ಗೊಬ್ಬರದ ಗುಂಡಿ, ಒಲೆ, ಅಟ್ಟದ ಮೇಲಿಟ್ಟಿದ್ದ ಲೋಟಗಳನ್ನು ನೋಡಿ ಬಂದು ಅರ್ಜಿಗೆ ಒಪ್ಪಿಗೆಯ ಸಹಿ ಹಾಕಿದರು. "ತಟ್ಟೆ ವಾಪಸ್ ಕೊಟ್ಬಿಡಿ. ನನಗೆ ಊಟ ಎಲೇಲಿ ಹಾಕಿ."

ಮಧ್ಯಾಹ್ನ ಮೂರಕ್ಕೆ, ಅಂಗಡಿಗೆ ಹಿಂದಿರುಗಿಸುವ ಮೂಟೆ ಹೊತ್ತು ಬಸ್ ಹತ್ತಿದೆ. ಮಡಿಲಲ್ಲಿ ಅಮ್ಮ ಬಾಳೆಎಲೆಯಲ್ಲಿ ಕಟ್ಟಿಕೊಟ್ಟ ಮೊಸರನ್ನ. ಕಿಟಕಿಯಿಂದ ತಿರುಗಿ ನೋಡಿದೆ. ಮೆಸ್ಸಿನ ಮುಂದೆ ಕಬ್ಬಿನ ಗಾಡಿಯವನೊಬ್ಬ ನೀರು ಕೇಳುತ್ತ ನಿಂತಿದ್ದ. ಅಮ್ಮ ಅವನಿಗೂ ಚೊಂಬನ್ನು ಎರಡೂ ಕೈಯಲ್ಲೇ ಕೊಟ್ಟರು.