ಟೇಪಕ್ಕನ ಒಂದೂವರೆ ಇಂಚು

ಶಾಲೆಯ ಗೇಟಿನ ಎದುರು ಸಾಲಿನಲ್ಲಿ ಮೂರನೆಯ ಅಂಗಡಿ ಟೇಪಕ್ಕನದು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕೊರಳಿನಿಂದ ಅಳತೆ ಟೇಪು ಇಳಿದದ್ದನ್ನು ಯಾರೂ ನೋಡದೆ ಆ ಹೆಸರು ಮರೆತೇಹೋಯಿತು. ಮೂವತ್ತು ವರ್ಷದಿಂದ ಅವಳು ಹೊಲಿದದ್ದು ಶಾಲೆಯ ಸಮವಸ್ತ್ರ ಮಾತ್ರ.

ಅವಳದೊಂದು ಪದ್ಧತಿ. ಹಳೆಯ ಗಿರಾಕಿಗಳ ಮಕ್ಕಳಾದರೆ ಉದ್ದ ಮಾತ್ರ ಅಳೆಯುವುದು; ಸೊಂಟಕ್ಕೆ ಹೋದ ವರ್ಷದ ಅಳತೆಯ ಮೇಲೆ ಒಂದೂವರೆ ಇಂಚು ಸೇರಿಸಿ ಕತ್ತರಿ ಹಾಕುವುದು. "ಮಕ್ಕಳಿರೋದೇ ಬೆಳೆಯೋಕೆ. ಅದಕ್ಕೆಲ್ಲ ಟೇಪ್ ಯಾಕೆ?" ಎನ್ನುವಳು. ಶಾಲೆ ಶುರುವಾಗುವ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರದಿದ್ದಾಗ ಇದರಿಂದ ಎಷ್ಟೋ ಹೊತ್ತು ಉಳಿಯುತ್ತಿತ್ತು. ಒಂದು ಬಟ್ಟೆಯೂ ವಾಪಸು ಬಂದಿಲ್ಲವೆಂದು ಕೊಚ್ಚಿಕೊಳ್ಳುವುದೊಂದೇ ಅವಳ ಚಟ.

ಆ ವರ್ಷ ಒಂದು ವಾಪಸು ಬಂತು. ತಂದವಳು ಬಸ್ ಕಂಡಕ್ಟರ್. ಜೊತೆಗೆ ಹದಿನಾಲ್ಕರ ಮಗಳು, ಶಾಲೆಯ ಓಟದ ತಂಡದ ಹುಡುಗಿ.

"ಏನಕ್ಕಾ ಇದು, ನಡೆದ್ರೆ ಸ್ಕರ್ಟ್ ಜಾರುತ್ತೆ! ಕಣ್ಣು ಮಂಜಾಯ್ತಾ?"

ಟೇಪಕ್ಕನ ಮುಖ ಸಣ್ಣದಾಯಿತು. ತಪ್ಪು ತನ್ನದೇ ಎಂದುಕೊಂಡು, ಎರಡೂ ಬದಿ ಒಳಕ್ಕೆ ಹಿಡಿದು ಹೊಲಿದುಕೊಟ್ಟಳು. ಸುದ್ದಿ ಬೀದಿಯಲ್ಲೆಲ್ಲ ಹರಡಿತು. ಪಕ್ಕದ ಅಂಗಡಿಯವನಂತೂ ಕನ್ನಡಕದಂಗಡಿಯ ದಾರಿ ಹೇಳಲು ತಾನಾಗಿ ಎದ್ದು ಬಂದ.

ಎರಡು ತಿಂಗಳ ಮೇಲೆ ಹುಡುಗಿ ಒಬ್ಬಳೇ ಬಂದಳು. ಸ್ಕರ್ಟು ಸೇಫ್ಟಿ ಪಿನ್ನಿನ ದಯೆಯಿಂದ ನಿಂತಿತ್ತು.

"ಇನ್ನೂ ಸ್ವಲ್ಪ ಬಿಗಿ ಮಾಡ್ಕೊಡಿ ಅಕ್ಕಾ."

ಈ ಸಲ ಟೇಪಕ್ಕ ಟೇಪು ಸುತ್ತಿ ನೋಡಿದಳು. ಇಪ್ಪತ್ತಮೂರು. ಅಳತೆಯ ಪುಸ್ತಕ ತೆಗೆದಳು: ಹೋದ ವರ್ಷ ಇಪ್ಪತ್ತಾರು, ವರ್ಷದ ಕೊನೆಗೆ ಅದೂ ಬಿಗಿಯಾಗಿತ್ತು. ಹುಡುಗಿಯ ಎತ್ತರ ಮಾತ್ರ ಎರಡು ಇಂಚು ಏರಿತ್ತು. ಟೇಪಿನಡಿ ಮೂಳೆ ಕೈಗೆ ತಾಗಿತು. ತನ್ನ ಕಣ್ಣು ಸರಿಯಾಗಿದೆಯಲ್ಲ ಎಂಬ ಸಮಾಧಾನ ಒಂದು ಕ್ಷಣ ಇದ್ದದ್ದು ನಿಜ. ಮರುಕ್ಷಣ ತಲೆಯೆತ್ತಿ ಹುಡುಗಿಯ ಮುಖ ನೋಡಿದಳು.

"ಮಧ್ಯಾಹ್ನ ಏನು ತಿಂದೆ?"

"ಸೌತೆಕಾಯಿ."

"ಡಬ್ಬಿ?"

"ಗೆಳತೀರಿಗೆ ಕೊಟ್ಟೆ. ಹಗುರ ಇದ್ರೆ ಜೋರಾಗಿ ಓಡಬಹುದಂತೆ, ತಂಡದಲ್ಲಿ ಎಲ್ಲರೂ ಹೇಳ್ತಾರೆ."

"ಓಡ್ತಿದ್ದೀಯಾ ಜೋರಾಗಿ?"

ಹುಡುಗಿ ನೆಲ ನೋಡಿದಳು. "ಮೊದಮೊದಲು ಓಡ್ದೆ. ಹೋದ ವಾರ ಕಣ್ಣು ಕತ್ತಲೆ ಬಂತು. ಮೂರು ತಿಂಗಳಿಂದ ಮುಟ್ಟೂ ಆಗಿಲ್ಲ. ಅಮ್ಮಂಗೆ ಹೇಳ್ಬೇಡಿ ಅಕ್ಕಾ, ನನ್ನನ್ನ ತಂಡದಿಂದ ಬಿಡಿಸಿಬಿಡ್ತಾರೆ."

ಟೇಪಕ್ಕ ಟೇಪು ಸುತ್ತಿಟ್ಟಳು. "ಈ ಕೆಲಸ ನಾನು ಮಾಡಲ್ಲ" ಎಂದಳು. ಹೊಲಿಯುವುದಿಲ್ಲವೆಂದು ಅವಳು ಹೇಳಿದ ಮೊದಲ ಸಮವಸ್ತ್ರ ಅದು.

ಸಂಜೆ ಬೇಗ ಬಾಗಿಲೆಳೆದು, ಪುಸ್ತಕ ಬಗಲಲ್ಲಿಟ್ಟುಕೊಂಡು ಬಸ್ ಡಿಪೋಗೆ ಹೋದಳು. ಕಂಡಕ್ಟರ್ ಕೇಳಿ ಕೆಂಡವಾದಳು.

"ನೀವು ತಪ್ಪು ಹೊಲಿದು ನನ್ನ ಮಗಳ ಮೇಲೆ ಹಾಕ್ತೀರಾ?"

"ತಪ್ಪು ನಂದೇ ಅಂತ ಇನ್ನೂ ನಾಲ್ಕು ಬೀದಿಗೆ ಹೇಳ್ಕೊಂಡು ಬನ್ನಿ, ಬೇಜಾರಿಲ್ಲ. ಮಗಳನ್ನ ಮಾತ್ರ ನಾಳೇನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ."

ಪುಸ್ತಕದ ಆ ಪುಟ ನೋಡುತ್ತ ಕಂಡಕ್ಟರ್ ಬಸ್ಸಿನ ಮೆಟ್ಟಿಲ ಮೇಲೆ ಕುಳಿತಳು. "ಡಬ್ಬಿ ದಿನಾ ಖಾಲಿಯಾಗೇ ಬರ್ತಿತ್ತಲ್ಲಾ... ಚೆನ್ನಾಗಿ ತಿಂತಾಳೆ ಅಂತ ನಾನು ಇನ್ನೂ ಜಾಸ್ತಿ ಹಾಕ್ತಿದ್ದೆ."

ಮೈ ತುಂಬಿಕೊಳ್ಳುವವರೆಗೆ ಓಟ ಬಂದ್ ಎಂದರು ಡಾಕ್ಟರು. ಅಂದಿನಿಂದ ಹುಡುಗಿ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಟೇಪಕ್ಕನಿಗೆ ನೋವಾಗುತ್ತಿತ್ತು, ಕರೆದು ಮಾತಾಡಿಸಲು ಧೈರ್ಯವಿರಲಿಲ್ಲ.

ಪರೀಕ್ಷೆ ಹತ್ತಿರವಾದಾಗ ಹುಡುಗಿ ಅದೇ ಸ್ಕರ್ಟು ತಂದು ಮೇಜಿನ ಮೇಲಿಟ್ಟಳು.

"ಹೊಲಿಗೆ ಬಿಚ್ಚಿಕೊಡಿ. ಕೂತ್ರೆ ಉಸಿರು ಕಟ್ಟುತ್ತೆ."

ಟೇಪಕ್ಕ ಬಿಚ್ಚಿದಳು. ಒಳಗೆ ಮಡಿಸಿಟ್ಟಿದ್ದ ಬಟ್ಟೆ ಬಿಸಿಲು ಕಾಣದೆ ಕಡುನೀಲಿಯಾಗಿಯೇ ಉಳಿದಿತ್ತು.

"ಇದನ್ನ ಕತ್ತರಿಸಿರಲಿಲ್ವಾ?"

"ಬೆಳೆಯೋ ಮಕ್ಕಳ ಬಟ್ಟೆ ಯಾರಾದ್ರೂ ಕತ್ತರಿಸ್ತಾರಾ?"

ಹುಡುಗಿ ತಾನಾಗಿ ಕೈ ಮೇಲೆತ್ತಿ ನಿಂತಳು. ಟೇಪಕ್ಕ ಟೇಪು ಸುತ್ತಿದಳು. ಇಪ್ಪತ್ತೈದೂವರೆ. ಇನ್ನೊಮ್ಮೆ ಸುತ್ತಿ ಖಾತ್ರಿ ಮಾಡಿಕೊಂಡು, ಪುಸ್ತಕದಲ್ಲಿ ಬರೆದಳು. ಏನನ್ನೂ ಸೇರಿಸಲಿಲ್ಲ.