ಮೊದಲ ನೀರು ಗಿಡಕ್ಕೆ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಆಮೆನ್ ಅಕ್ಕ. ಮಾಲೀಕ “ಈ ವಾರ ಕೆಲಸ ಜಾಸ್ತಿ” ಎಂದರೂ ಆಮೆನ್, “ಇಸ್ತ್ರಿ ಪೆಟ್ಟಿಗೆ ಮತ್ತೆ ಕೈಕೊಟ್ಟಿದೆ” ಎಂದರೂ ಆಮೆನ್. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಹಬೆ. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಒಂದು ಅಂಗಿಗೆ ಒಂದು ‘ನಮೋ ಮರಿಯಾ’. ಪ್ಯಾಂಟಿಗೆ ಮಾತ್ರ ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಯಾಕೆಂದರೆ ಗೆರೆ ಸರಿಯಾಗಿ ಕೂರಬೇಕಾದರೆ ಸ್ವಲ್ಪ ಉದ್ದದ ಪ್ರಾರ್ಥನೆಯೇ ಬೇಕು.

“ಅಕ್ಕಾ, ಬನಿಯನ್ನಿಗೆ ಯಾವ ಪ್ರಾರ್ಥನೆ?” ಎಂದು ಪಕ್ಕದಲ್ಲಿ ಕಲೆ ತೆಗೆಯುವ ಹೆಂಗಸು ಕೆಣಕುತ್ತಿದ್ದಳು.

“ಬನಿಯನ್ನಿಗೆ ಶಿಲುಬೆ ಗುರುತು ಸಾಕು ಕಣೇ.”

ಹೀಗೆ ದಿನಕ್ಕೆ ನೂರು ಸಲ ಆಮೆನ್ ಎನ್ನುವವಳು ಒಂದೇ ಒಂದು ಕಡೆ ಅದನ್ನು ಹೇಳಿ ಒಂಬತ್ತು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಚರ್ಚಿನ ಬಲಿಪೂಜೆಯನ್ನು ಅವಳು ತಪ್ಪಿಸಿದ್ದಿಲ್ಲ. ಕಂಬದ ಪಕ್ಕದ ಕೊನೆಯ ಬೆಂಚು ಅವಳದ್ದು. ಆದರೆ ಪರಮಪ್ರಸಾದದ ರೊಟ್ಟಿಗೆ ಎಲ್ಲರೂ ಸಾಲು ಕಟ್ಟುವಾಗ ಅವಳು ಮೊಣಕಾಲನ್ನು ಪಕ್ಕಕ್ಕೆ ಎಳೆದುಕೊಂಡು ಉಳಿದವರಿಗೆ ದಾರಿ ಬಿಟ್ಟು ಕೂರುತ್ತಿದ್ದಳು. ಫಾದರ್ ಒಬ್ಬೊಬ್ಬರ ಮುಂದೆ “ಕ್ರಿಸ್ತರ ಶರೀರ” ಎನ್ನುವುದು, ಅವರು “ಆಮೆನ್” ಎನ್ನುವುದು ಅಲ್ಲಿಯವರೆಗೂ ಕೇಳುತ್ತಿತ್ತು. ಹಸಿದವಳ ಎದುರು ಊಟ ಬಡಿಸಿದಂತೆ ಇರುತ್ತಿತ್ತು ಆ ಹತ್ತು ನಿಮಿಷ. ಅದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳಲು ಯಾರಿದ್ದರು?

ಒಬ್ಬಳಿದ್ದಳು, ತಂಗಿ. ಎಂಟೂವರೆಯ ಪೂಜೆಗೆ ಬರುತ್ತಿದ್ದಳು. ಒಂದೇ ಚರ್ಚು, ಒಂದೇ ಬಾಗಿಲು, ನಡುವೆ ಎರಡೂವರೆ ಗಂಟೆ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಅಮ್ಮನ ಜೊತೆ ಒಂದೇ ಮನೆಯಲ್ಲಿ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಇದ್ದವರು.

ಸಾಯುವವರ ಬಳಿಗೆ ಫಾದರ್ ಬಂದು, ಹಣೆಗೆ ಪವಿತ್ರ ಎಣ್ಣೆ ಹಚ್ಚಿ, ಬಾಯಿಗೆ ಪ್ರಸಾದ ಇಟ್ಟು ಕಳಿಸಿಕೊಡಬೇಕು. ಅಕ್ಕನ ಪಾಲಿಗೆ ಅದು ಡಾಕ್ಟರಿಗಿಂತ ದೊಡ್ಡದು. ಒಂಬತ್ತು ವರ್ಷದ ಹಿಂದೆ, ಹಾಸಿಗೆ ಹಿಡಿದಿದ್ದ ಅಮ್ಮನ ಕೊನೆಯ ದಿನ ಅವಳು ಅಂಗಡಿಗೆ ಹೊರಡುವಾಗ ತಂಗಿಗೆ ಹತ್ತು ಸಲ ಹೇಳಿದ್ದಳು: “ಉಸಿರು ಏರುಪೇರಾದ್ರೆ ಮೊದಲು ಫಾದರ್‌ಗೆ ಫೋನ್ ಮಾಡು, ಆಮೇಲೆ ನನಗೆ.” ತಂಗಿ ಇಬ್ಬರಿಗೂ ಮಾಡಲಿಲ್ಲ. ಎಲ್ಲ ಮುಗಿದ ಮೇಲೆ ಅಂಗಡಿಗೆ ಫೋನ್ ಬಂತು.

“ಯಾಕೆ ಕರೀಲಿಲ್ಲ?” ಎಂದು ಕೇಳಿದ್ದಕ್ಕೆ ತಂಗಿ ಕೊಟ್ಟ ಉತ್ತರ ಒಂದೇ: “ಕರೀಲಿಲ್ಲ.”

ಅಕ್ಕ ಒಂದು ಟ್ರಂಕನ್ನೂ ಅಮ್ಮನ ಬಿಳಿ ಗುಲಾಬಿಯ ಕುಂಡವನ್ನೂ ಎತ್ತಿಕೊಂಡು ಎರಡು ಬೀದಿ ಆಚೆಯ ಒಂಟಿ ಕೋಣೆಗೆ ಹೋದಳು. ಮಾತು ಅಲ್ಲಿಗೇ ನಿಂತಿತು. ಪಾಪನಿವೇದನೆಗೆ ಹೋದಾಗ ಫಾದರ್ “ತಂಗಿಯನ್ನ ಕ್ಷಮಿಸಿ ಬನ್ನಿ” ಎಂದರು.

“ಆಗಲ್ಲ ಫಾದರ್. ಸುಳ್ಳು ಸುಳ್ಳೇ ಬೇಕಾದ್ರೆ ಕ್ಷಮಿಸ್ತೀನಿ.”

“ಸುಳ್ಳು ಬೇಡಮ್ಮ.”

ಸರಿ, ಬೇಡ ಎಂದರೆ ಬೇಡ. ಹೊಟ್ಟೆಯಲ್ಲಿ ಹಗೆ ಇಟ್ಟುಕೊಂಡು ಪ್ರಸಾದಕ್ಕೆ ನಾಲಿಗೆ ಚಾಚುವ ಜಾತಿ ಅವಳದ್ದಲ್ಲ. ಹಗೆ ಬಿಡುವ ಜಾತಿಯೂ ಅಲ್ಲ, ಅದೇ ತೊಂದರೆ.

ಆದರೂ ಸೋಮವಾರ ಸಂಜೆ ಬಲಿಪೀಠದ ಬಿಳಿ ಬಟ್ಟೆಗಳ ಗಂಟು ಬರುತ್ತಿದ್ದುದು ಅವಳ ಕೋಣೆಗೇ. ಚರ್ಚಿನ ಗಂಟೆ ಹೊಡೆಯುವ ಮುದುಕ, ಗಂಟೆ ತಾತ, ತಂದು ಕೊಡುತ್ತಿದ್ದ. ಪಾತ್ರೆ ಒರೆಸುವ ಸಣ್ಣ ಬಟ್ಟೆಗಳಲ್ಲಿ ಪ್ರಸಾದದ ಕಣ, ದ್ರಾಕ್ಷಾರಸದ ಹನಿ ಉಳಿದಿರಬಹುದು. ಅದಕ್ಕೇ ಮೊದಲು ಜಾಲಿಸಿದ ನೀರನ್ನು ಚರಂಡಿಗೆ ಚೆಲ್ಲುವಂತಿಲ್ಲ, ಮಣ್ಣಿಗೇ ಹಾಕಬೇಕು. ಅವಳ ಬಳಿ ಇದ್ದ ಮಣ್ಣು ಅಂದರೆ ಕುಂಡದ್ದು. ಮೊದಲ ನೀರೆಲ್ಲ ಗುಲಾಬಿಗೆ. “ತಗೋ, ವಾರ ವಾರ ನಿನಗಾದ್ರೂ ಸಿಗ್ತಿದೆಯಲ್ಲ” ಎಂದು ಗಿಡಕ್ಕೆ ಹೇಳುತ್ತಿದ್ದಳು. ಗಿಡ ಸೊಂಪಾಗಿ ಬೆಳೆದಿತ್ತು.

ಒಂದು ಸೋಮವಾರ ಬಟ್ಟೆ ಬಿಡಿಸಿದರೆ, ಅಂಚು ಬಿಟ್ಟಿದ್ದ ಕಡೆ ಯಾರೋ ಹೊಲಿದಿದ್ದರು. ದಾರಕ್ಕೆ ಗಂಟಿಲ್ಲ. ಕೊನೆಯಲ್ಲಿ ಮೂರು ಸಲ ಹಿಂದಕ್ಕೆ ಹೊಲಿದು ದಾರದ ತುದಿಯನ್ನು ಮಡಿಕೆಯೊಳಗೆ ಬಚ್ಚಿಟ್ಟಿದ್ದರು. ಗಂಟು ಹಾಕಿದರೆ ಇಸ್ತ್ರಿಯಲ್ಲಿ ಎದ್ದು ಕಾಣುತ್ತದೆ ಎಂದು ಅಮ್ಮ ಹೇಳಿಕೊಟ್ಟ ಹೊಲಿಗೆ ಅದು. ಹೇಳಿಕೊಟ್ಟಿದ್ದು ಇಬ್ಬರಿಗೇ.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಕತ್ತರಿ ತಂದು ಹೊಲಿಗೆ ಬಿಚ್ಚಿ, ತಾನೇ ಮತ್ತೆ ಹೊಲಿದಳು, ಅದೇ ರೀತಿ, ಇನ್ನೂ ಸಣ್ಣದಾಗಿ. ಮುಂದಿನ ವಾರ ನೋಡಿದರೆ ಅವಳ ಹೊಲಿಗೆ ಬಿಚ್ಚಿ ಇನ್ನೂ ಸಣ್ಣ ಹೊಲಿಗೆ! ಇವಳು ಬಿಚ್ಚುವುದು, ಅವಳು ಬಿಚ್ಚುವುದು, ಹೀಗೆ ಐದು ವಾರ. ಅಂಗೈಯಗಲದ ಬಟ್ಟೆಯ ಮೇಲೆ ಕಾಲು ಕೆರೆದು ಜಗಳ. ಗಂಟೆ ತಾತ ಏನೂ ಅರಿಯದವನ ಹಾಗೆ ಮೀಸೆಯಲ್ಲೇ ನಗುತ್ತ ಗಂಟು ತಂದುಕೊಡುತ್ತಿದ್ದ. ಅಕ್ಕ ಸೋಮವಾರ ಯಾವಾಗ ಬರುತ್ತದೋ ಎಂದು ಕಾಯತೊಡಗಿದ್ದಳು. ಕೇಳಿದರೆ ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ಆರನೇ ಸೋಮವಾರ ಅಕ್ಕನ ಹೊಲಿಗೆ ಹಾಗೇ ಇತ್ತು. ಇನ್ನೊಂದು ಬಟ್ಟೆಯ ಅಂಚು ಹರಿದದ್ದು ಹರಿದೇ ಇತ್ತು.

“ಹೊಲಿಯೋರು ಏನಾದ್ರು?” ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಕೇಳಿದಳು.

ತಾತ ನಗಲಿಲ್ಲ. “ಹೊಟ್ಟೇಲಿ ಗಡ್ಡೆಯಂತಮ್ಮ. ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದಾರೆ. ಬೆಳಿಗ್ಗೆ ಪಕ್ಕದ ಮನೆಯವರು ಗಂಜಿ ಕೊಡ್ತಾರೆ. ಉಳಿದ ಹೊತ್ತು ಒಬ್ಬಳೇ.”

ಅಕ್ಕ ಅಂದು ಬಟ್ಟೆ ನೆನೆಹಾಕಲಿಲ್ಲ. ಚಪ್ಪಲಿ ಮೆಟ್ಟಿ ಎರಡು ಬೀದಿ ನಡೆದಳು. ಒಂಬತ್ತು ವರ್ಷದ ದೂರ ನೋಡಿದರೆ ಐದು ನಿಮಿಷದ್ದು.

ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಮೇಲೆ ಶಾಲೆ ಮಕ್ಕಳ ಅರ್ಧ ಹೊಲಿದ ಸಮವಸ್ತ್ರ. ಅಮ್ಮ ಮಲಗಿದ್ದ ಮಂಚದಲ್ಲೇ ತಂಗಿ, ಕಡ್ಡಿಯಾಗಿದ್ದಳು.

“ನಿನ್ನ ಹೊಲಿಗೆ ದಪ್ಪ,” ಎಂದಳು ತಂಗಿ, ಅದೇ ಮೊದಲ ಮಾತು.

“ನಿನ್ನದು ಸೊಟ್ಟ,” ಎಂದು ಅಕ್ಕ ಮಂಚದ ಅಂಚಿಗೆ ಕುಳಿತಳು. ತಂಗಿಯ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದಳು. ಆಮೇಲೆ ಕೇಳಿದಳು: “ಫಾದರ್‌ನ ಕರೀಲಾ?”

“ಕರಿ. ನನಗೇನೂ ಭಯ ಇಲ್ಲ. ಅಮ್ಮನಿಗೆ ಇತ್ತು.”

“ಅಂದ್ರೆ?”

ತಂಗಿ ಸೂರು ನೋಡುತ್ತ ಹೇಳಿದಳು: “ಅವತ್ತು ಫೋನ್ ಕೈಗೆ ತಗೊಂಡೆ ಅಕ್ಕಾ. ಅಮ್ಮ ನನ್ನ ಕೈ ಹಿಡ್ಕೊಂಡ್ಳು. ಫಾದರ್ ಬಂದ್ರೆ ನಾನು ಸಾಯ್ತೀನಿ ಅಂತಾನೇ ಅರ್ಥ, ಕರೀಬೇಡ, ಹೆದರಿಕೆ ಆಗುತ್ತೆ ಅಂತ ಅತ್ತಳು. ಹಾಗಾದ್ರೆ ಅಕ್ಕನ್ನಾದ್ರೂ ಕರೀತೀನಿ ಅಂದೆ. ಬೇಡ, ಅವಳು ಬಂದ್ರೆ ಮೊದಲು ಅವರನ್ನೇ ಕರೀತಾಳೆ ಅಂದ್ಳು. ಜೀವನಪೂರ್ತಿ ಜಪಸರ ಹಿಡಿದು ಕೊನೆಗೆ ಹೆದರಿಬಿಟ್ಟೆ ಅಂತ ದೊಡ್ಡವಳಿಗೆ ಮಾತ್ರ ಹೇಳಬೇಡ, ಅವಳ ಮುಖ ನೋಡೋಕಾಗಲ್ಲ ಅಂತ ಆಣೆ ಹಾಕಿಸಿಕೊಂಡ್ಳು.”

“ಒಂಬತ್ತು ವರ್ಷ ಬಾಯಿ ಬಿಡಲಿಲ್ಲವಲ್ಲೇ!”

“ಇವತ್ತು ಬಿಟ್ಟೆನಲ್ಲ. ಹೇಗೂ ಅವಳ ಹತ್ತಿರಾನೇ ಹೋಗ್ತಿದ್ದೀನಿ, ಕ್ಷಮೆ ಕೇಳ್ಕೋತೀನಿ.”

ಅಕ್ಕನ ತಲೆ ತಗ್ಗಿತು. ಅಮ್ಮ ಸಾವಿಗೆ ಹೆದರಿದ್ದಳು, ಅದು ಎಲ್ಲರಿಗೂ ಇದ್ದದ್ದೇ. ಆದರೆ ಅದಕ್ಕಿಂತ ಹೆಚ್ಚು ತನಗೆ ಹೆದರಿದ್ದಳು. ಈ ಒಂದು ಮಾತನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ. ತಂಗಿಯ ಕಾಲ ಮೇಲೆ ಮುಖ ಇಟ್ಟು ಅತ್ತಳು, “ನನ್ನ ಕ್ಷಮಿಸೇ” ಎಂದಳು. “ಆಯ್ತು ಏಳು, ಕಾಲು ನೋಯುತ್ತೆ,” ಎಂದಳು ತಂಗಿ.

ಫಾದರ್ ಬಂದರು. ತಂಗಿಯ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಸಾದ ಕೊಟ್ಟರು. ಆಮೇಲೆ ಅಕ್ಕನ ಕಡೆ ತಿರುಗಿ, “ಪಾಪನಿವೇದನೆ ಮಾಡ್ತೀರಾ? ಅಡುಗೆಮನೆಯಲ್ಲೇ ಕೇಳ್ತೀನಿ, ಇವತ್ತೇ ನೀವೂ ತಗೋಬಹುದು” ಎಂದರು.

ಅಲ್ಲಿಯೂ ಅವಳು ಹಟ ಬಿಡಲಿಲ್ಲ ನೋಡಿ. “ಬೇಡ ಫಾದರ್. ಇವಳು ಎದ್ದು ಓಡಾಡಲಿ. ಒಂದು ಭಾನುವಾರ ಇಬ್ಬರೂ ಒಟ್ಟಿಗೆ ಚರ್ಚಿಗೇ ಬಂದು ತಗೋತೀವಿ.”

ಅಂಗಡಿಗೆ ರಜೆ ಹಾಕಿ ಅವಳು ಹನ್ನೊಂದು ದಿನ ಅಲ್ಲೇ ಇದ್ದಳು. ಮೈ ಒರೆಸಿದಳು, ತಲೆ ಬಾಚಿದಳು, ಉಳಿದ ಸಮವಸ್ತ್ರ ಹೊಲಿದು ಮುಗಿಸಿದಳು. ಯಾವ ಪೂಜೆಗೆ ಹೋಗುವುದೆಂದು ಇಬ್ಬರೂ ದಿನವೂ ಕಿತ್ತಾಡಿದರು.

“ನಿನ್ನ ಆರು ಗಂಟೆಗೆ ಕೋಳಿ ಕೂಡ ಏಳಲ್ಲ.”

“ನಿನ್ನ ಎಂಟೂವರೆಗೆ ಬರೋರೆಲ್ಲ ಸೋಮಾರಿಗಳು.”

ಹನ್ನೆರಡನೆಯ ದಿನ ಬೆಳಿಗ್ಗೆ ತಂಗಿ ಏಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಮಣ್ಣು ಮಾಡಿದ ಮೇಲೆ ಬಂದ ಶನಿವಾರ ಅವಳು ಪಾಪನಿವೇದನೆಗೆ ಹೋದಳು. “ನನ್ನ ಅಮ್ಮ ನನಗೆ ಹೆದರಿ ಸತ್ತಳು ಫಾದರ್” ಎಂದು ಶುರು ಮಾಡಿದಳು. ಉಳಿದದ್ದು ಅವರಿಬ್ಬರಿಗೆ ಬಿಟ್ಟದ್ದು.

ಮರುದಿನ ಆರು ಗಂಟೆಯ ಗಂಟೆ ಕೇಳಿಯೂ ಅವಳು ಹೋಗಲಿಲ್ಲ. ಕುಂಡದ ಮುಂದೆ ಸುಮ್ಮನೆ ಕುಳಿತಿದ್ದು ಎಂಟೂವರೆಗೆ ಹೋದಳು. ಅಲ್ಲಿ ಎಲ್ಲ ಬೇರೆ ಮುಖಗಳು. ತಂಗಿ ಎಲ್ಲಿ ಕೂರುತ್ತಿದ್ದಳು ಎಂದು ಗಂಟೆ ತಾತನನ್ನು ಕೇಳಿದಾಗ ಅವನು ಕಂಬದ ಪಕ್ಕದ ಕೊನೆಯ ಬೆಂಚು ತೋರಿಸಿದ. ಅವಳದೇ ಬೆಂಚು. ಒಂಬತ್ತು ವರ್ಷ ಅಕ್ಕ ಎದ್ದ ಜಾಗದಲ್ಲೇ ತಂಗಿ ಬಂದು ಕುಳಿತಿದ್ದಳು.

ಎಲ್ಲರೂ ಸಾಲು ಕಟ್ಟಿದಾಗ ಅವಳೂ ಎದ್ದಳು. ಬೆಂಚಿನ ತುದಿಯಲ್ಲಿದ್ದ ಯಾರೋ ಮೊಣಕಾಲು ಎಳೆದುಕೊಂಡು ಅವಳಿಗೆ ದಾರಿ ಬಿಟ್ಟರು. ಅವಳ ಹಿಂದೆ ಯಾರೂ ಇರಲಿಲ್ಲ, ಸಾಲಿನಲ್ಲಿ ಕೊನೆಯವಳು ಅವಳೇ.

“ಕ್ರಿಸ್ತರ ಶರೀರ,” ಎಂದರು ಫಾದರ್.

ಇಡೀ ಅಂಗಡಿಗೆ ಕೇಳುವಂತೆ ಆ ಪದ ಹೇಳುತ್ತಿದ್ದವಳು ಮೊದಲು ತನ್ನ ಪಕ್ಕದ ಖಾಲಿ ಜಾಗದ ಕಡೆ ತಿರುಗಿ ನೋಡಿದಳು. ಫಾದರ್ ಕೈ ಎತ್ತಿ ಹಿಡಿದೇ ಕಾದರು. ಕೊನೆಗೆ ಅವಳು ಹೇಳಿದಳು, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.