ಮಳೆ ಅಳೆಯುವ ಲೋಕಯ್ಯ

ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಅಂಚಿನ ಹುಲ್ಲುಗುಡ್ಡದಲ್ಲಿ ಲೋಕಯ್ಯ ಆರು ವರ್ಷದಿಂದ ದಿನಗೂಲಿಗೆ ಮಳೆ ಅಳೆಯುತ್ತಿದ್ದ. ಬೆಳಿಗ್ಗೆ ಎಂಟೂವರೆಗೆ ಮಾಪಕದ ಡಬ್ಬಿಯ ನೀರನ್ನು ಗೀಟು ಹಾಕಿದ ಗ್ಲಾಸಿಗೆ ಹೊಯ್ದು ಎಷ್ಟು ಮಿಲಿಮೀಟರ್ ಎಂದು ಬರೆಯುವುದು. ವಾರಕ್ಕೊಮ್ಮೆ ಆ ಹಾಳೆಯನ್ನು ಕೆಳಗಿನ ಕಣಿವೆಯ ಅಣೆಕಟ್ಟಿನ ಕಚೇರಿಗೆ ಮುಟ್ಟಿಸುವುದು. ೧೯೮೨ರ ಜುಲೈಯಲ್ಲಿ ಗ್ಲಾಸು ಕೈಜಾರಿ ಒಡೆಯಿತು. ಕಾಯಂ ಮಾಡುವವರ ಪಟ್ಟಿಗೆ ಅವನ ಹೆಸರು ಆಗಷ್ಟೇ ಸೇರಿತ್ತು. ಸುದ್ದಿ ಹೊರಬೀಳುವುದು ಬೇಡವೆಂದು ಮೂಡುಬಿದಿರೆಯ ಪರಿಚಯದ ಮೇಷ್ಟ್ರೊಬ್ಬರಿಂದ ಶಾಲೆಯ ಹಳೆಯ ಅಳತೆ ಗ್ಲಾಸು ತಂದುಕೊಂಡ.

ಅಕ್ಟೋಬರಿನ ಒಂದು ಬೆಳಿಗ್ಗೆ ಅದನ್ನು ತೊಳೆಯುತ್ತಿದ್ದ ಹೆಂಡತಿ ವಿನೋದಾ ಕೇಳಿದಳು, "ಇದರ ಅಡಿಯಲ್ಲಿ ಇನ್ನೂರು ಅಂತ ಉಂಟು. ನಿಮ್ಮ ಮಾಪಕದಲ್ಲಿ ನೂರು ಅಲ್ವಾ?"

ಲೋಕಯ್ಯ ಗ್ಲಾಸನ್ನು ಕಸಿದು ತಿರುಗಿಸಿ ನೋಡಿದ. ಅವನ ಮಾಪಕದ ಬಾಯಿ ನೂರು ಚದರ ಸೆಂಟಿಮೀಟರ್. ಇನ್ನೂರರ ಗ್ಲಾಸಿನಲ್ಲಿ ಅಳೆದರೆ ಮಳೆ ಅರ್ಧವೇ ಕಾಣುತ್ತದೆ. ಇಡೀ ಮಳೆಗಾಲದ ಲೆಕ್ಕ ಅಂದೇ ಸಂಜೆಯ ಜೀಪಿನಲ್ಲಿ ಬೆಂಗಳೂರಿಗೆ ಹೋಗುವುದಿತ್ತು. ಅವನು ಗ್ಲಾಸು ಎತ್ತಿಕೊಂಡು ಅಣೆಕಟ್ಟಿನ ಕಚೇರಿಗೆ ಹೊರಟ.

"ಗಂಜಿ ಕುಡಿದು ಹೋಗಿ."

"ಬಂದು ಕುಡಿಯುತ್ತೇನೆ."

"ಆರು ಮೈಲಿ ಹೋಗಿ ಬರುವಾಗ ಅದು ಗಂಜಿ ಅಲ್ಲ, ಅಂಟು."

ಗುಡ್ಡದ ನೆತ್ತಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹುಲ್ಲು ಹಳದಿಗೆ ತಿರುಗುತ್ತಿತ್ತು. ಗಾಳಿ ಬೀಸಿದಾಗ ಇಡೀ ಇಳಿಜಾರು ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ಎಡಗಡೆ ಆಳದಲ್ಲಿ ಜಲಾಶಯ, ಅಂಚಿಗೆ ಕೆಂಪು ಮಣ್ಣಿನ ಗೆರೆ. ಹೇಳುವ ಮಾತನ್ನು ಲೋಕಯ್ಯ ನಾಲ್ಕು ಸಲ ಜೋಡಿಸಿದ, ನಾಲ್ಕು ಸಲವೂ ಅದು ನಡುವೆಯೇ ಕಡಿದುಹೋಯಿತು. ಒಮ್ಮೆ ಬಂಡೆಯ ಮೇಲೆ ಕುಳಿತ, ಕೂರಲಾಗದೆ ಎದ್ದ. ಗ್ಲಾಸನ್ನು ಕೆಳಕ್ಕೆ ಎಸೆದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆಯೂ ಬಂತು. ಮತ್ತೆ ಅದನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಇಳಿದ.

ಕಚೇರಿಯಲ್ಲಿ ಇಂಜಿನಿಯರ್ ಕೇಶವಪ್ರಸಾದರು ಪೂರ್ತಿ ಕೇಳಿ, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು.

"ಅದಕ್ಕೇ ಮಾರಾಯ, ಮಳೆ ಇಷ್ಟೇ, ಹೊಳೆಯಲ್ಲಿ ನೀರು ಅಷ್ಟು. ನಾವು ಎರಡು ತಿಂಗಳಿಂದ ಹೊಳೆಯನ್ನೇ ಬೈಯ್ತಾ ಇದ್ದೇವೆ." ಪೆನ್ಸಿಲ್ ತೆಗೆದರು. "ದಿನಾ ಅಳೆದಿದ್ದೀಯಲ್ಲ?"

"ಹೌದು ಸರ್."

"ಹಾಗಾದರೆ ಹೆದರಬೇಡ. ಒಡೆದ ದಿನದಿಂದ ಎಲ್ಲವನ್ನೂ ಎರಡರಿಂದ ಗುಣಿಸಿದರೆ ಆಯಿತು."

ಜುಲೈ ಮುಗಿಯಿತು. ಪೆನ್ಸಿಲ್ ಆಗಸ್ಟಿಗೆ ಇಳಿಯಿತು. ಬದುಕಿಕೊಂಡೆ ಎಂದುಕೊಳ್ಳುವ ಹೊತ್ತಿಗೆ ಲೋಕಯ್ಯನ ಕಾಲು ಸುಮ್ಮನಿರಲೊಲ್ಲದೆ ನೆಲವನ್ನು ತಿಕ್ಕತೊಡಗಿತು. ಮೂರನೇ ತಾರೀಕು, ಅರುವತ್ತೊಂದು. ಅದರ ಪಕ್ಕದಲ್ಲಿ ಇಂಜಿನಿಯರು ನೂರಿಪ್ಪತ್ತೆರಡು ಬರೆದರು.

"ಸರ್, ಅದು ಗುಣಿಸುವುದಲ್ಲ."

"ಯಾಕೆ?"

"ಮೂರು ಮತ್ತು ನಾಲ್ಕನೇ ತಾರೀಕು ಜ್ವರ ಇತ್ತು. ಮನೆಯಲ್ಲಿ ಮಲಗಿ, ಮಾಡಿನ ಮೇಲೆ ಮಳೆಯ ಸದ್ದು ಕೇಳಿ ಬರೆದದ್ದು. ಐದರಂದು ಡಬ್ಬಿಯಲ್ಲಿ ಮೂರೂ ದಿನದ್ದು ಸೇರಿ ತುಂಬಿದ್ದನ್ನು ಅಳೆಯದೆ ಚೆಲ್ಲಿದೆ. ಆ ದಿನದ್ದೂ ಅಂದಾಜು."

ಕೇಶವಪ್ರಸಾದರು ಕನ್ನಡಕ ತೆಗೆದು ಒರೆಸಿದರು.

"ಇದನ್ನು ಹೇಳದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಗೊತ್ತುಂಟು ಸರ್."

"ಇನ್ನು ಕಾಯಂ ಪಟ್ಟಿಯ ವಿಷಯದಲ್ಲಿ ನಾನು ಮಾತು ಕೊಡಲಿಕ್ಕಾಗುವುದಿಲ್ಲ." ಹಾಳೆಯನ್ನು ಅವನ ಕಡೆ ತಿರುಗಿಸಿದರು. "ಮೂರು ದಿನದ ಅಂಕಿಗೂ ನೀನೇ ಗೀಟು ಹೊಡೆ. ಪಕ್ಕದಲ್ಲಿ 'ಅಳೆದಿಲ್ಲ' ಅಂತ ಬರೆ."

ಲೋಕಯ್ಯ ಬರೆದ. ಮೂರು ಸಲವೂ ಅಕ್ಷರ ಒಂದೇ ಅಳತೆಗೆ ಬಂತು.

"ಉಗ್ರಾಣದಲ್ಲಿ ನೂರರ ಗ್ಲಾಸು ಉಂಟು, ಸಹಿ ಮಾಡಿ ತಕ್ಕೊಂಡು ಹೋಗು. ನಾಳೆ ಎಂಟೂವರೆಗೆ ನೀನಲ್ಲದೆ ಯಾರು ಅಳೆಯುವುದು?"